ಅಂಚಿನಲ್ಲಿ ತಿಕ್ಕಿದ ಹಗ್ಗ

ನಮ್ಮ ಹಗ್ಗದ ಅಂಗಡಿ ರಾಯಚೂರಿನ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿದೆ. ಅಜ್ಜ ಇಟ್ಟದ್ದು. ಅಬ್ಬಾ ನಲವತ್ತು ವರ್ಷ ಕೂತ ಗಾದಿಯ ಮೇಲೆ ಈಗ ನಾನು ಕೂರುತ್ತೇನೆ. ಎತ್ತಿನ ಹಗ್ಗ, ಬಾವಿ ಹಗ್ಗ, ಲಾರಿಗೆ ಬಿಗಿಯುವ ನೈಲಾನು, ತಾಡಪತ್ರಿ, ಗೋಣಿಚೀಲ, ಇಷ್ಟೇ ನಮ್ಮ ಸರಕು. ಬೆಳಿಗ್ಗೆ ಬಾಗಿಲು ತೆಗೆದಾಗ ಬರುವ ನಾರಿನ ವಾಸನೆಗೆ ಹೊಸಬರು ಸೀನುತ್ತಾರೆ. ನನಗೆ ಆ ವಾಸನೆಯ ಜೊತೆ ಒಂದು ಸಂಜೆ ನೆನಪಾಗುತ್ತದೆ. ಆ ಸಂಜೆ ನಡೆದದ್ದನ್ನು ನಾನು ಮೂವತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಅಂಗಡಿಗೆ ಬಂದರು. ಮೂವತ್ತೈದರ ಆಸುಪಾಸು, ಬಿಸಿಲಿಗೆ ಕಂದಿದ ಮುಖ, ಕಾಲಲ್ಲಿ ಕ್ಯಾನ್ವಾಸ್ ಬೂಟು. ಮಾನ್ವಿಯ ಒಂದು ಶಾಲೆಯಲ್ಲಿ ಆಟ ಕಲಿಸುವ ಟೀಚರು ಅಂತ ಆಮೇಲೆ ತಿಳಿಯಿತು. ಬೇರೆಯವರಂತೆ ಹಗ್ಗ ಮುಟ್ಟಿ ನೋಡಲಿಲ್ಲ. ನೇರವಾಗಿ ಮೂಲೆಯಲ್ಲಿದ್ದ ಹಳೆಯ ತಾಡಪತ್ರಿಗಳ ರಾಶಿಯ ಕಡೆ ಹೋದರು.

"ಇಂಥಾ ದಪ್ಪನ್ನ ಕ್ಯಾನ್ವಾಸ್ ತುಂಡು ನಾಕೈದು ಬೇಕ್ರೀ. ಹಳೇವಾದ್ರೂ ನಡೀತದ."

"ಯಾತಕ್ಕ್ರೀ?" ಅಂದೆ.

"ಗುಡ್ಡದ ಅಂಚಿಗೆ ಹಾಸಾಕ್ರೀ. ಹಗ್ಗ ಕಲ್ಲಿಗೆ ತಿಕ್ಕಬಾರದಲ್ರೀ, ಅದಕ್ಕ."

ನಾನು ಕೈಯಲ್ಲಿದ್ದ ಕತ್ತರಿಯನ್ನು ಗಾದಿಯ ಮೇಲೆ ಇಟ್ಟೆ. ನೀರು ಕುಡಿಯಬೇಕೆನಿಸಿತು. ಅವರು ನನ್ನ ಮುಖ ನೋಡಿ, ಇವರಿಗೆ ಅರ್ಥವಾಗಲಿಲ್ಲ ಎಂದುಕೊಂಡು ಬಿಡಿಸಿ ಹೇಳತೊಡಗಿದರು. ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವುದನ್ನು ಕಲಿಸುತ್ತಾರಂತೆ. ರಜೆಯ ದಿನ ಕಲ್ಮಲದ ಕಡೆ ಹೋಗುವ ರಸ್ತೆ ಬಿಟ್ಟು ಒಳಗಿರುವ ಒಂದು ಗುಡ್ಡದಲ್ಲಿ. ಹಿಂದೆಂದೂ ಹತ್ತದವರು ಬರುತ್ತಾರಂತೆ, ನರ್ಸು, ಕಾಲೇಜು ಹುಡುಗಿಯರು, ಬ್ಯಾಂಕಿನ ಗುಮಾಸ್ತರು. ಹಗ್ಗ ಮೊದಲೇ ಮೇಲಿನಿಂದ ಇಳಿಬಿಟ್ಟಿರುತ್ತದಂತೆ. ಹತ್ತುವವರು ಕಾಲು ಜಾರಿದರೂ ನೆಲಕ್ಕೆ ಬೀಳುವುದಿಲ್ಲವಂತೆ.

"ಕೆಳಗೊಬ್ರು ಹಗ್ಗ ಹಿಡಕೊಂಡು ನಿಂತಿರ್ತಾರ್ರೀ," ಅಂದರು. "ನೀವು ಹಗ್ಗದ ವ್ಯಾಪಾರದೋರು. ಬರ್ರಿ ಒಂದಿನ, ನಮ್ಮ ಹಗ್ಗ ಹೆಂಗದ ನೋಡಿ ಹೋಗ್ರಿ."

ನಾನು ಕ್ಯಾನ್ವಾಸ್ ಕತ್ತರಿಸಿ ಕೊಟ್ಟೆ. ಬರುತ್ತೇನೆ ಅಂತಲೂ ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ. ಅವರು ಹೋದ ಮೇಲೆ ಗಾದಿಯ ಮೇಲೆ ಕೂತು, ಮೂವತ್ತು ವರ್ಷಗಳಿಂದ ಆಗಾಗ ಕೇಳುವ ಒಂದು ದನಿಯನ್ನು ಮತ್ತೆ ಕೇಳಿದೆ.

ಆಗ ನನಗೆ ಇಪ್ಪತ್ತು. ಕಾಲೇಜು ಬಿಟ್ಟು ಅಬ್ಬಾನ ಜೊತೆ ಅಂಗಡಿಯಲ್ಲಿ ಕೂರಲು ಶುರು ಮಾಡಿದ್ದೆ. ದೇವದುರ್ಗ ತಾಲ್ಲೂಕಿನಲ್ಲಿ, ಮಸರಕಲ್ ದಾಟಿ ಒಳಗೆ ಹೋದರೆ ಸಿಗುವ ಒಂದು ಸಣ್ಣ ಊರಿನವನೊಬ್ಬ ವರ್ಷಕ್ಕೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದ. ಹೊಲಗೆಲಸದವನು. ಬೇಸಿಗೆಗೆ ಮುಂಚೆ ಗುಡ್ಡದ ಕಲ್ಲಿಗೆ ಕಟ್ಟುವ ಹೆಜ್ಜೇನು ಬಿಡಿಸುತ್ತಿದ್ದ. ಅವನಿಗೆ ಬೇಕಾದದ್ದು ಪುಂಡಿನಾರಿನ ಹಗ್ಗವೇ. ನೈಲಾನು ಕೈಗೆ ಜಾರುತ್ತದೆ ಅನ್ನುತ್ತಿದ್ದ. ಅಬ್ಬಾ ಅವನಿಗಾಗಿ ಹೊಸ ಕಟ್ಟು ಬಿಚ್ಚಿ, ಮೊಳ ಮೊಳವನ್ನೂ ಬೆರಳಲ್ಲಿ ಸವರಿ ನೋಡಿ ಕೊಡುತ್ತಿದ್ದರು. ಮರುವರ್ಷ ಬರುವಾಗ ಅವನು ಅಬ್ಬಾನಿಗೆ ಒಂದು ಬಾಟಲಿ ಜೇನುತುಪ್ಪ ತರುತ್ತಿದ್ದ. ಇಬ್ಬರೂ ಚಹಾ ಕುಡಿಯುತ್ತ ಬಹಳ ಹೊತ್ತು ಮಾತಾಡುತ್ತಿದ್ದರು.

ಆ ವರ್ಷ ನಾನೇ ಅವನ ಬೆನ್ನು ಬಿದ್ದೆ. ಜೇನು ಬಿಡಿಸುವುದನ್ನು ನೋಡಬೇಕು ಅಂದೆ. ಅವನು ಅಬ್ಬಾನ ಮುಖ ನೋಡಿದ. ಅಬ್ಬಾ ನಕ್ಕು, ಕರೆದುಕೊಂಡು ಹೋಗು, ಆದರೆ ಇವನನ್ನು ಹಗ್ಗಕ್ಕೆ ಕಟ್ಟಬೇಡ ಅಂದರು.

ಗುಡ್ಡ ಅವರ ಊರಿನಿಂದ ಎರಡು ಮೈಲಿ ಇತ್ತು. ಬಂಡೆಯ ಒಂದು ಮುಖ ಗೋಡೆಯ ಹಾಗೆ ನೆಟ್ಟಗಿತ್ತು. ಅದರ ನಡುವೆ ಕಪ್ಪಗೆ ಮೊರದಂಥ ಮೂರು ಜೇನುಹುಟ್ಟುಗಳು. ಬಂದದ್ದು ನಾವು ಮೂವರೇ. ಅವನ ತಮ್ಮ ಬಂಡೆಯ ಬುಡದಲ್ಲಿ ಹಸಿ ಸೊಪ್ಪಿಗೆ ಬೆಂಕಿ ಹಾಕಿ ಹೊಗೆ ಎಬ್ಬಿಸಬೇಕು. ಅವನು ಮೇಲಿನಿಂದ ಹಗ್ಗ ಹಿಡಿದು ಇಳಿಯಬೇಕು. ನೋಡಲು ಬಂದ ನನಗೂ ಅವನು ಒಂದು ಕೆಲಸ ಕೊಟ್ಟ.

ಹಗ್ಗದ ಒಂದು ತುದಿಯನ್ನು ಮೇಲಿನ ಗುಂಡಿಗೆ ಸುತ್ತಿ ಕಟ್ಟಿದ್ದ. ಗುಂಡು ಎಂದರೆ ಆನೆಯಷ್ಟು ದೊಡ್ಡ ಕಲ್ಲು. ಹಗ್ಗ ಬಂಡೆಯ ಅಂಚು ದಾಟುವ ಜಾಗದಲ್ಲಿ ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಇಟ್ಟ.

"ತಮ್ಮಾ, ನಾ ಅತ್ಲಾಗ ಇತ್ಲಾಗ ಜೋಲಿ ಹೊಡದಾಗ ಹಗ್ಗ ಸರೀತದ. ಹಗ್ಗ ಎತ್ತ ಸರಿದ್ರ ಅತ್ತ ಚೀಲ ಸರಿಸು. ಕಲ್ಲಿಗೆ ತಿಕ್ಕಾಕ ಬಿಡಬ್ಯಾಡ. ಇಷ್ಟ ನೋಡು ನಿನ್ನ ಕೆಲಸ."

"ಆತು," ಅಂದೆ.

ಬಿಸಿಲು ಇಳಿಯುತ್ತಿತ್ತು. ಅವನು ಸೊಂಟಕ್ಕೆ ಹಗ್ಗ ಸುತ್ತಿಕೊಂಡು, ಹೆಗಲಿಗೆ ಡಬ್ಬಿ ಇಳಿಬಿಟ್ಟುಕೊಂಡು ಅಂಚಿನಾಚೆ ಮರೆಯಾದ. ನನಗೆ ಕಾಣುತ್ತಿದ್ದದ್ದು ಬಿಗಿದು ನಿಂತ ಹಗ್ಗ ಮಾತ್ರ. ಅದು ಸ್ವಲ್ಪ ಎಡಕ್ಕೆ ಸರಿದರೆ ನಾನು ಚೀಲ ಎಡಕ್ಕೆ ಎಳೆಯುತ್ತಿದ್ದೆ. ಬಲಕ್ಕೆ ಸರಿದರೆ ಬಲಕ್ಕೆ. ಕೆಳಗಿನಿಂದ ಅವನು ಆಗಾಗ ಕೇಳುತ್ತಿದ್ದ.

"ಚೀಲ ಅದ ಏನು?"

"ಅದ!"

ಮೊದಲನೆಯ ಹುಟ್ಟು ಮುಗಿಯಿತು. ಎರಡನೆಯದರ ಹತ್ತಿರ ಇದ್ದಾಗ ಗಾಳಿ ತಿರುಗಿತು. ಹೊಗೆ ಬಂಡೆ ಬಿಟ್ಟು ಹೊಲದ ಕಡೆ ಹೋಯಿತು. ಜೇನುನೊಣಗಳು ಅಂಚು ದಾಟಿ ಮೇಲೆ ಬಂದವು. ಆ ಸದ್ದು ಕೇಳಿದವರಿಗೆ ಗೊತ್ತು, ಅದು ಕಿವಿಯ ಒಳಗೇ ಹುಟ್ಟಿದ ಹಾಗಿರುತ್ತದೆ. ನಾನು ಟವೆಲ್ಲು ತಲೆಗೆ ಸುತ್ತಿಕೊಂಡು ಓಡಿದೆ. ಇಪ್ಪತ್ತು ಹೆಜ್ಜೆ ಹಿಂದೆ ಒಂದು ಜಾಲಿ ಗಿಡ ಇತ್ತು, ಅದರ ಬುಡದಲ್ಲಿ ಮುಖ ಹುದುಗಿಸಿ ಮಲಗಿದೆ.

ಅವನು ಕೇಳಿದ, "ತಮ್ಮಾ, ಚೀಲ ಅದ ಏನು?"

ನಾನು ಮಲಗಿದಲ್ಲಿಂದಲೇ ಕೂಗಿದೆ, "ಅದ! ಅದ!"

ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿದ. ಮತ್ತೆ ಅದನ್ನೇ ಕೂಗಿದೆ. ಎದ್ದು ನೋಡಬೇಕು ಅಂತ ಗೊತ್ತಿತ್ತು. ಇನ್ನೊಂದು ಗಳಿಗೆ, ನೊಣ ಹೋಗಲಿ, ಇನ್ನೊಂದು ಗಳಿಗೆ ಅಂದುಕೊಂಡೆ. ಆಮೇಲೆ ಹಳೆಯ ಬಟ್ಟೆ ಹರಿದಂಥ ಸದ್ದು ಬಂತು. ಅವನು ಕೂಗಲಿಲ್ಲ. ಕೂಗಿದ್ದು ಕೆಳಗಿದ್ದ ಅವನ ತಮ್ಮ.

ನಾನು ಅಂಚಿಗೆ ಹೋದಾಗ ಹಗ್ಗದ ತುಂಡು ಕಲ್ಲಿನ ಮೇಲೆ ಬಿದ್ದಿತ್ತು, ತುದಿ ಕಸಬಾರಿಗೆಯ ಹಾಗೆ ಬಿಚ್ಚಿಕೊಂಡಿತ್ತು. ಚೀಲ ಅಲ್ಲಿಂದ ಒಂದು ಮೊಳ ದೂರ ಇತ್ತು. ಅವನ ತಮ್ಮ ಇನ್ನೂ ಮೇಲೆ ಬಂದಿರಲಿಲ್ಲ. ನಾನು ಆ ಚೀಲವನ್ನು ಎಳೆದು, ಹಗ್ಗದ ತುಂಡಿನ ಕೆಳಗೆ ನೆಟ್ಟಗೆ ಇಟ್ಟೆ.

ಓಡಿದ್ದಕ್ಕೆ ವಯಸ್ಸನ್ನು ನೆಪ ಹೇಳಬಹುದು, ಹೆದರಿಕೆಯನ್ನು ಹೇಳಬಹುದು. ಚೀಲ ಎಳೆದು ಇಟ್ಟದ್ದಕ್ಕೆ ಯಾವ ನೆಪವೂ ಇಲ್ಲ. ಆ ಹೊತ್ತಿಗೆ ಒಂದು ನೊಣವೂ ಅಲ್ಲಿರಲಿಲ್ಲ.

ಊರಿನವರೆಲ್ಲ ಬಂದು ನೋಡಿದರು. ಚೀಲ ಇದ್ದಲ್ಲೇ ಇದೆ, ಹಗ್ಗ ಹರಿದಿದೆ. ಅಂದಮೇಲೆ ಹಗ್ಗವೇ ಕೆಟ್ಟಿತ್ತು. ಯಾರೂ ಜಗಳಕ್ಕೆ ಬರಲಿಲ್ಲ, ಯಾರೂ ಅಬ್ಬಾನನ್ನು ಒಂದು ಮಾತು ಅನ್ನಲಿಲ್ಲ. ಆದರೆ ಅಬ್ಬಾ ಅದೇ ಕಟ್ಟಿನಲ್ಲಿ ಉಳಿದ ಹಗ್ಗವನ್ನು ಮನೆಯ ಹಿತ್ತಲಿನ ಬೇವಿನ ಮರಕ್ಕೆ ಕಟ್ಟಿ, ಜೋಳದ ಎರಡು ಚೀಲ ತೂಗುಹಾಕಿದರು. ಎಂಟು ದಿನ ಬಿಟ್ಟರು. ಹರಿಯಲಿಲ್ಲ. ದಿನಾ ಬೆಳಿಗ್ಗೆ ಹೋಗಿ ಅದರ ಮುಂದೆ ನಿಲ್ಲುತ್ತಿದ್ದರು. ಹರಿದಿದ್ದರೆ ಒಳ್ಳೆಯದಿತ್ತು ಅನ್ನುವ ಹಾಗೆ ನೋಡುತ್ತಿದ್ದರು.

"ರಸ್ಸೀಚ್ ಖರಾಬ್ ಥೀ," ಅಂದರು ಒಂಬತ್ತನೆಯ ದಿನ, ಅಮ್ಮಿಯ ಹತ್ತಿರ. ಹಗ್ಗವೇ ಕೆಟ್ಟದ್ದಿತ್ತು. ಎಲ್ಲೋ ಒಂದು ಹುರಿ ಕೊಳೆತಿರಬೇಕು, ನನ್ನ ಬೆರಳಿಗೆ ತಿಳಿಯಲಿಲ್ಲ ಅಂತಲೂ ಅಂದರು.

ನಾನು ಅಲ್ಲೇ ಊಟಕ್ಕೆ ಕೂತಿದ್ದೆ.

ಅವತ್ತಿನಿಂದ ಅಬ್ಬಾ ಹಗ್ಗ ಕೇಳಿ ಬಂದ ಎಲ್ಲರಿಗೂ ಮೊದಲು ಒಂದು ಪ್ರಶ್ನೆ ಹಾಕುತ್ತಿದ್ದರು. "ದನಕ್ಕೋ, ಮನಷ್ಯಾರಿಗೋ?" ಬಾವಿಗೆ ಇಳಿಯುವವರು, ಕಟ್ಟಡಕ್ಕೆ ಸುಣ್ಣ ಬಳಿಯುವವರು, ಯಾರೇ ಇರಲಿ, ಮನುಷ್ಯರ ಭಾರಕ್ಕೆ ಅಂದರೆ ನಮ್ಮಲ್ಲಿಲ್ಲ, ಬೇರೆ ಕಡೆ ನೋಡಿರಿ ಅನ್ನುತ್ತಿದ್ದರು. ಇಪ್ಪತ್ತೊಂದು ವರ್ಷ ಹಾಗೆ ಕೇಳಿದರು. ಪಕ್ಕದಲ್ಲಿ ಕೂತು ನಾನು ಅದನ್ನು ಕೇಳುತ್ತಿದ್ದೆ. ಒಂದು ಸಲ ಬಾಯಿ ತೆರೆದಿದ್ದರೆ ಸಾಕಿತ್ತು. ನಾಳೆ ಹೇಳೋಣ, ಈದ್ ಕಳೆಯಲಿ, ತಂಗಿಯ ಮದುವೆ ಆಗಲಿ ಅಂತ ದಿನ ದೂಡಿದೆ. ಆಮೇಲೆ ಅಬ್ಬಾ ತೀರಿಕೊಂಡರು.

ಇಷ್ಟೆಲ್ಲ ಹೊತ್ತುಕೊಂಡು ನಾನು ಒಂದು ಭಾನುವಾರ ಬೆಳಿಗ್ಗೆ ಆ ಟೀಚರ ಗುಡ್ಡಕ್ಕೆ ಹೋದೆ.

ಹತ್ತು ಹನ್ನೆರಡು ಜನ ಸೇರಿದ್ದರು. ನನ್ನಷ್ಟು ವಯಸ್ಸಿನವರು ಯಾರೂ ಇರಲಿಲ್ಲ. ಬಂಡೆ ಎರಡು ಅಂತಸ್ತಿನ ಮನೆಯಷ್ಟು ಎತ್ತರ, ಸ್ವಲ್ಪ ಹಿಂದಕ್ಕೆ ವಾಲಿದ್ದು. ಟೀಚರು ಮೊದಲು ನಮ್ಮನ್ನು ಹಿಂಬದಿಯ ದಾರಿಯಿಂದ ಮೇಲೆ ಕರೆದುಕೊಂಡು ಹೋಗಿ ತೋರಿಸಿದರು. ಎರಡು ದೊಡ್ಡ ಗುಂಡುಗಳಿಗೆ ಬೇರೆ ಬೇರೆಯಾಗಿ ದಪ್ಪ ಹಗ್ಗ ಸುತ್ತಿತ್ತು. ಒಂದು ಸಡಿಲಾದರೆ ಇನ್ನೊಂದು ಇರಲಿ ಅಂತ. ಅವೆರಡೂ ಅಂಚಿನಲ್ಲಿ ಸೇರಿ, ಅಂಚಿನಿಂದ ಕೆಳಗೆ ಒಂದು ಮಾರು ಇಳಿದು, ಅಲ್ಲಿ ಎರಡು ಉಕ್ಕಿನ ಕೊಕ್ಕೆ ತೂಗುತ್ತಿದ್ದವು. ಹತ್ತುವ ಹಗ್ಗ ಆ ಕೊಕ್ಕೆಗಳಲ್ಲಿ ಹಾದಿತ್ತು. ಹಾಗಾಗಿ ಓಡಾಡುವ ಹಗ್ಗ ಕಲ್ಲಿನ ಅಂಚು ಮುಟ್ಟುತ್ತಲೇ ಇರಲಿಲ್ಲ. ಮುಟ್ಟುವುದು ಮೇಲಿನ ಕಟ್ಟು ಮಾತ್ರ. ಅದರ ಕೆಳಗೆ ನಾನು ಕತ್ತರಿಸಿ ಕೊಟ್ಟ ಕ್ಯಾನ್ವಾಸ್ ಇತ್ತು, ಸರಿಯದ ಹಾಗೆ ದಾರದಿಂದ ಕಟ್ಟಿದ್ದರು.

"ಇದನ್ನ ಕಟ್ಟೀರಲ್ರೀ," ಅಂದೆ.

"ಕಟ್ಟಲೇಬೇಕ್ರೀ. ಇಲ್ಲಾಂದ್ರ ಸರೀತದ. ಯಾರನ್ನರ ಕಾಯಾಕ ಕುಂದ್ರಿಸಾಕ ಆಗ್ತದೇನ್ರೀ?"

ಒಂದು ಗೇಣು ದಾರ. ಆವತ್ತು ನಮ್ಮ ಹತ್ತಿರ ಅಂಥ ದಾರ ಬೇಕಾದಷ್ಟಿತ್ತು. ನಮ್ಮದು ಹಗ್ಗದ ಅಂಗಡಿ.

ಕೆಳಗೆ ಬಂದು ಪಾಠ ಶುರುವಾಯಿತು. ಸೊಂಟಕ್ಕೂ ತೊಡೆಗಳಿಗೂ ಹಾಕುವ ಪಟ್ಟಿ, ಅದಕ್ಕೆ ಅವರು ಹಾರ್ನೆಸ್ ಅನ್ನುತ್ತಾರೆ. ಅಂಗೈ ಚಪ್ಪಟೆ ಮಾಡಿ ತೂರಿದರೆ ತೂರಬೇಕು, ಮುಷ್ಟಿ ಕಟ್ಟಿದರೆ ಹೊರಗೆ ಬರಬಾರದು, ಅಷ್ಟು ಬಿಗಿ. ತಲೆಗೆ ಹೆಲ್ಮೆಟ್. ಹಗ್ಗವನ್ನು ಪಟ್ಟಿಗೆ ಕಟ್ಟಲು ಎಂಟರ ಆಕಾರದ ಗಂಟು, ಅದೇ ದಾರಿಯಲ್ಲಿ ಹಗ್ಗದ ತುದಿ ಮತ್ತೆ ಹಿಂದಿರುಗಿ ಬರಬೇಕು. ಆ ಗಂಟು ನನ್ನ ಕೈಗೆ ಒಂದೇ ಸಲಕ್ಕೆ ಬಂತು. ಪಕ್ಕದಲ್ಲಿದ್ದ ನರ್ಸು ನನ್ನಿಂದ ಕಲಿತಳು. ಹಗ್ಗದ ಇನ್ನೊಂದು ತುದಿ ಕೊಕ್ಕೆಯಿಂದ ಹಿಂದಿರುಗಿ, ಕೆಳಗೆ ನಿಂತವರ ಸೊಂಟದ ಒಂದು ಸಣ್ಣ ಸಾಧನದಲ್ಲಿ ಹಾದು ಹೋಗುತ್ತದೆ. ಹತ್ತುವವರು ಮೇಲೇರಿದ ಹಾಗೆ ಕೆಳಗಿನವರು ಸಡಿಲ ಎಳೆದುಕೊಳ್ಳುತ್ತ ಹೋಗಬೇಕು. ಆ ಕೆಲಸಕ್ಕೆ ಬಿಲೇ ಅಂತ ಹೆಸರು.

"ಕೆಳಗಿನ ಕೈ ಹಗ್ಗ ಬಿಡಂಗಿಲ್ಲ," ಟೀಚರು ಎಲ್ಲರ ಮುಖವನ್ನೂ ಒಬ್ಬೊಬ್ಬರದಾಗಿ ನೋಡಿ ಹೇಳಿದರು. "ಫೋನ್ ಬರ್ಲಿ, ಮೂಗು ತುರಿಸ್ಲಿ, ಹುಳ ಕಡೀಲಿ, ಬಿಡಂಗಿಲ್ಲ. ಹತ್ತೋರು 'ಹಿಡಿದೀರೇನು' ಅಂತ ಕೇಳ್ತಾರ. ಮೊದ್ಲು ಕಣ್ಣಿಲೆ ನೋಡ್ರಿ, ಕೈಲೆ ಮುಟ್ರಿ, ಆಮ್ಯಾಲ 'ಹಿಡಿದೀನಿ' ಅನ್ರಿ. ನೋಡಲಾರದ ಬಾಯಿಲೆ ಹೇಳಿದ್ರ ಅದು ಸುಳ್ಳು ಹೇಳಿದಂಗ."

ನಾನು ಹಿಂದೆ ಸರಿದು ನಿಂತೆ. ಹೊರಟುಹೋಗಬೇಕು ಅನಿಸಿತು. ಆದರೆ ನನ್ನ ಸರದಿ ಬಂದೇಬಿಟ್ಟಿತು. ಹಗ್ಗ ಹಿಡಿಯುವ ಸರದಿ ನನಗೆ ಬೇಡ, ಬೇಕಾದರೆ ಹತ್ತುತ್ತೇನೆ ಅಂದೆ. ಟೀಚರು ತಾವೇ ಕೆಳಗೆ ಹಗ್ಗ ಹಿಡಿದು ನಿಂತರು.

ಐವತ್ತು ದಾಟಿದ, ಗಾದಿಯ ಮೇಲೆ ಕೂತೇ ಬದುಕಿದ ಮೈ. ಕೈಯಿಂದ ಜಗ್ಗಿದೆ, ತೋಳು ನಡುಗತೊಡಗಿತು. "ಕೈಲೆ ಜಗ್ಗಬ್ಯಾಡ್ರೀ, ಕಾಲ ಮ್ಯಾಲ ನಿಂದರ್ರಿ. ಕೈ ಬರೇ ಹಿಡಕೊಳ್ಳಾಕ," ಅಂತ ಕೆಳಗಿನಿಂದ ಕೂಗಿದರು. ಬೂಟಿನ ತುದಿಯನ್ನು ಒಂದು ಸಣ್ಣ ಗುಳಿಯಲ್ಲಿ ಇಟ್ಟು ಮೊಣಕಾಲು ನೆಟ್ಟಗೆ ಮಾಡಿದೆ. ಅಚ್ಚರಿ, ಮೈ ತಾನೇ ಮೇಲೇರಿತು. ಹೀಗೆ ಆರೇಳು ಹೆಜ್ಜೆ. ನೆಲದಿಂದ ಒಂದಾಳಿಗಿಂತ ಹೆಚ್ಚು ಎತ್ತರದಲ್ಲಿ ಕೆನ್ನೆ ಬಂಡೆಗೆ ಒತ್ತಿಕೊಂಡು ನಿಂತೆ. ಕಲ್ಲು ಬಿಸಿಯೇರಿತ್ತು. ಅದರ ವಾಸನೆ ಆವತ್ತಿನದೇ. ಬಂಡೆಯ ಈ ಕಡೆಯನ್ನು ನಾನು ಎಂದೂ ನೋಡಿರಲಿಲ್ಲ. ಅವನು ನೋಡಿದ್ದು ಇದು. ಅವನಿಗೂ ಮೇಲಿದ್ದವನ ಮುಖ ಕಾಣುತ್ತಿರಲಿಲ್ಲ. ಅವನ ಪಾಲಿಗೆ ನಾನು ಬರೀ ಒಂದು ದನಿಯಾಗಿದ್ದೆ. ಆ ದನಿಯನ್ನು ನಂಬಿ ಅವನು ಜೋಲಿ ಹೊಡೆದ.

"ಹಿಡಿದೀರೇನ್ರೀ?" ಅಂತ ಕೂಗಿದೆ. ನನ್ನ ದನಿ ಅವನದರ ಹಾಗೆಯೇ ಕೇಳಿಸಿತು.

"ಹಿಡಿದೀನ್ರೀ. ಕೆಳಗ ನೋಡ್ರಿ."

ನೋಡಿದೆ. ಅವರ ಕೈ ಹಗ್ಗದ ಮೇಲಿತ್ತು, ಕಣ್ಣು ನನ್ನ ಮೇಲಿತ್ತು. ನನಗೆ ಅಳು ಬಂತು. ಬಂಡೆಗೆ ಮುಖ ಒತ್ತಿ ಅತ್ತೆ. ಅವರು ನನ್ನನ್ನು ಅವಸರಪಡಿಸಲಿಲ್ಲ. ಆಮೇಲೆ, ಹಗ್ಗದಲ್ಲಿ ಕೂತುಬಿಡಿ, ಕಾಲು ಬಂಡೆಗೆ ಊರಿ ನಡೆಯುತ್ತ ಬನ್ನಿ ಅಂತ ಹೇಳಿ ನಿಧಾನಕ್ಕೆ ಇಳಿಸಿದರು.

"ಅಂಜಿಕಿ ಆತೇನ್ರೀ?" ಅಂತ ಕೇಳಿದರು.

ಗುಂಡಿನ ನೆರಳಲ್ಲಿ ಕೂತು ಅವರಿಗೆ ಎಲ್ಲವನ್ನೂ ಹೇಳಿದೆ. ಯಾಕೆ ಅವರಿಗೇ ಹೇಳಿದೆನೋ. ನನ್ನ ಭಾರ ಒಂದು ಗಳಿಗೆ ಅವರ ಕೈಯಲ್ಲಿತ್ತು, ಅದಕ್ಕಿರಬಹುದು. ಅವರು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಕೈಯಲ್ಲಿದ್ದ ಹಗ್ಗವನ್ನು ಸುತ್ತುತ್ತ ಕೇಳಿದರು.

"ಅವ್ರ ಮನ್ಯಾಗ ಈಗ ಯಾರದಾರ್ರೀ?"

"ಗೊತ್ತಿಲ್ಲ."

"ಮೂವತ್ತು ವರ್ಷಾತು. ಒಂದ್ಸಲನೂ ಹೋಗಿಲ್ಲೇನ್ರೀ?"

ಹೋಗಿರಲಿಲ್ಲ. ದೇವದುರ್ಗಕ್ಕೆ ವ್ಯಾಪಾರಕ್ಕೆ ಹೋದರೂ ಮಸರಕಲ್ ಕಡೆಯ ದಾರಿ ತಪ್ಪಿಸುತ್ತಿದ್ದೆ. ಹೊಳೆ ದಂಡೆಯಲ್ಲಿರುವ ಗೂಗಲ್ ಅನ್ನುವ ಊರಿಗೆ ಒಂದು ಸಲ ಮಕ್ಕಳನ್ನು ಕರೆದುಕೊಂಡು ಹೋದಾಗಲೂ ಸುತ್ತು ಬಳಸಿ ಹೋಗಿದ್ದೆ.

ಮುಂದಿನ ಶುಕ್ರವಾರ ನಮಾಜು ಮುಗಿಸಿ ದೇವದುರ್ಗದ ಬಸ್ಸು ಹತ್ತಿದೆ.

ಊರು ಗುರುತು ಸಿಗದಷ್ಟು ಬದಲಾಗಿತ್ತು. ಮನೆ ಮಾತ್ರ ಹಾಗೇ ಇತ್ತು. ಕಟ್ಟೆಯ ಮೇಲೆ ಒಬ್ಬ ಮುದುಕಿ ಕಾಲು ಚಾಚಿ ಕೂತು ತೊಗರಿ ಬೇಳೆ ಆರಿಸುತ್ತಿದ್ದಳು. ಅವನ ಹೆಂಡತಿ. ನಾನು ಯಾರು ಅಂತ ಹೇಳುವ ಮೊದಲೇ ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

"ಹಗ್ಗದ ಸಾಬ್ರ ಮಗ ಏನು? ಮಾರಿ ಥೇಟ್ ನಿಮ್ಮಪ್ಪಂದ ನೋಡು. ಬಾ ಯಪ್ಪಾ, ಕುಂದರು."

ಕಟ್ಟೆಯ ತುದಿಯಲ್ಲಿ ಕೂತೆ. ಅಬ್ಬಾನ ಮುಖ ಇವಳಿಗೆ ಹೇಗೆ ಗೊತ್ತು?

"ಯಾಕ, ಪ್ರತೀ ವರ್ಷ ಬರ್ತಿದ್ನಲ್ಲ," ಅಂದಳು. "ಸುಗ್ಗಿ ಮುಗಿದ ಮ್ಯಾಲ. ಇಲ್ಲೇ, ನೀ ಕುಂತಲ್ಲೇ ಕುಂದರ್ತಿದ್ದ. ಯವ್ವಾ, ನನ್ನ ಹಗ್ಗ ನಿನ್ನ ಗಂಡನ್ನ ತಿಂತು ಅಂತ ಅಳ್ತಿದ್ದ. ಬ್ಯಾಡ ಬಿಡೋ ಯಪ್ಪಾ ಅಂತ ನಾನು ಎಷ್ಟ್ ಸಲ ಹೇಳೀನಿ. ಸಾಯಾಕ ಮುಂಚಿನ ವರ್ಷನೂ ಕೋಲು ಊರಿಕೊಂಡು ಬಂದಿದ್ದ."

ಅಬ್ಬಾ ಪ್ರತಿವರ್ಷ ಆ ದಿನಗಳಲ್ಲಿ ಮಾನ್ವಿಗೆ ಸರಕು ನೋಡಲು ಹೋಗುತ್ತೇನೆ ಅಂತ ಹೇಳಿ ಹೋಗುತ್ತಿದ್ದರು. ಸಂಜೆ ಬರಿಗೈಯಲ್ಲಿ ಬರುತ್ತಿದ್ದರು. ಸರಕು ಚೆನ್ನಾಗಿರಲಿಲ್ಲ ಅನ್ನುತ್ತಿದ್ದರು.

ಆಗ ನಾನು ಹೇಳಿದೆ. ಜಾಲಿ ಗಿಡ, ಎರಡು ಸಲ ಕೂಗಿದ ಸುಳ್ಳು, ಎಳೆದು ಇಟ್ಟ ಚೀಲ. ಹಗ್ಗ ಕೆಟ್ಟಿರಲಿಲ್ಲ ಯವ್ವಾ, ನಮ್ಮಪ್ಪನ ಹಗ್ಗ ಚೆನ್ನಾಗಿತ್ತು ಅಂದೆ. ಅವಳು ಮೊರವನ್ನು ಪಕ್ಕಕ್ಕೆ ಇಟ್ಟಳು. ಬೇಳೆ ಆರಿಸುತ್ತಿದ್ದ ಬೆರಳುಗಳು ಸ್ವಲ್ಪ ಹೊತ್ತು ಗಾಳಿಯಲ್ಲಿ ಹಾಗೇ ಆಡುತ್ತಿದ್ದವು.

"ನೀ ಓಡಿದ್ದು ನಮಗ ಗೊತ್ತಿತ್ತು," ಅಂದಳು ಕೊನೆಗೆ. "ಜೇನು ಕುಂತವರಿಗೆ ಮಾರಿಗೆ ಕಡೀತಾವ. ಓಡಿದವರಿಗೆ ಹೆಡಕಿಗೆ ಕಡೀತಾವ. ನಿನ್ನ ಹೆಡಕು ಬಾತಿದ್ದನ್ನ ನನ್ನ ಮೈದುನ ನೋಡಿದ್ದ. ಚೀಲ ಇಟ್ಟದ್ದು ಗೊತ್ತಿದ್ದಿಲ್ಲ. ಚೀಲ ಇದ್ದಲ್ಲೇ ಇತ್ತಲ್ಲ, ಓಡಿದ್ರೇನಾತು, ಹುಡುಗ ಅಂತ ಬಿಟ್ವಿ."

ನನ್ನ ಕೈ ತಾನಾಗಿ ಕುತ್ತಿಗೆಯ ಹಿಂದೆ ಹೋಯಿತು. ಆವತ್ತು ಮನೆಗೆ ಬಂದಾಗ ಅಲ್ಲಿಗೆ ಸುಣ್ಣ ಹಚ್ಚಿದ್ದು ಅಬ್ಬಾ. ನನ್ನ ತಲೆಯನ್ನು ಮುಂದಕ್ಕೆ ಬಾಗಿಸಿ, ದೀಪ ಹತ್ತಿರ ಹಿಡಿದು, ಒಂದೊಂದಾಗಿ ಮುಳ್ಳು ಕಿತ್ತು ಹಚ್ಚಿದ್ದರು. ಮುಖದ ಮೇಲೆ ಒಂದೂ ಇರಲಿಲ್ಲ. ಅಬ್ಬಾ ಜೇನಿನವನ ಜೊತೆ ವರ್ಷವರ್ಷ ಗಂಟೆಗಟ್ಟಲೆ ಮಾತಾಡುತ್ತಿದ್ದವರು. ಓಡಿದವರಿಗೆ ಎಲ್ಲಿ ಕಡಿಯುತ್ತದೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಹಗ್ಗವೇ ಕೆಟ್ಟಿತ್ತು ಅಂತ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದರೇ? ನಾನು ಅವರಿಗೆ ಮೋಸ ಮಾಡಿದೆನೋ, ಅವರು ನನ್ನನ್ನು ಬಚ್ಚಿಟ್ಟು ಕಾಪಾಡಿದರೋ? ಇದನ್ನು ಇನ್ನು ಯಾರನ್ನು ಕೇಳಲಿ? ಇಷ್ಟು ವರ್ಷ ಕಾಡಿದ್ದು ಜೇನಿನವನ ದನಿ. ಆ ಕಟ್ಟೆಯ ಮೇಲೆ ಕೂತ ಗಳಿಗೆಯಿಂದ ಅಬ್ಬಾ ಕೂಡ ಬಂದು ಸೇರಿಕೊಂಡರು, ಮಾತಿಲ್ಲದೆ, ಬೆರಳ ತುದಿಯಲ್ಲಿ ಸುಣ್ಣ ಹಿಡಿದುಕೊಂಡು.

"ನನ್ನ ಗಂಡ ಹೋದದ್ದಕ್ಕ ನಾ ನಿನ್ನ ಏನೂ ಅನ್ನಂಗಿಲ್ಲ," ಮುದುಕಿ ಹೇಳಿದಳು. "ಜೇನು ಬಿದ್ರ ಯಾರಾದ್ರೂ ಓಡ್ತಾರ. ಆದ್ರ ಆ ಮುದುಕನ್ನ ಇಪ್ಪತ್ತು ವರ್ಷ ಅಳಾಕ ಹಚ್ಚಿದಿ ನೋಡು, ಅದು ನನಗ ತಡಕೊಳ್ಳಾಕ ಆಗವಲ್ದು. ಇವತ್ತ ಹೋಗು ನೀನು."

ನೀರು ಕೇಳಬೇಕು ಅನಿಸಿತು, ಕೇಳಲಿಲ್ಲ. ಎದ್ದು ಬಂದೆ.

ಮೂರು ತಿಂಗಳು ಏನೂ ಆಗಲಿಲ್ಲ. ನಾನು ಭಾನುವಾರಗಳಂದು ಗುಡ್ಡಕ್ಕೆ ಹೋಗುತ್ತಲೇ ಇದ್ದೆ. ಹೊಸಬರಿಗೆ ಗಂಟು ಕಲಿಸುವ ಕೆಲಸವನ್ನು ಟೀಚರು ನನಗೆ ಬಿಟ್ಟರು. ಹಗ್ಗ ಹಿಡಿಯುವುದನ್ನೂ ನಿಧಾನಕ್ಕೆ ಕಲಿಸಿದರು. ಮೊದಲು ಕಲ್ಲು ತುಂಬಿದ ಚೀಲಕ್ಕೆ, ಆಮೇಲೆ ಸ್ವತಃ ತಮಗೆ. ನಾನು ಹಗ್ಗ ಹಿಡಿದಾಗ ಅವರು ಹತ್ತಿರದಲ್ಲಿ ಇನ್ನೊಬ್ಬರ ಕೈಗೂ ಹಗ್ಗದ ತುದಿ ಕೊಟ್ಟು ನಿಲ್ಲಿಸುತ್ತಿದ್ದರು. ನನಗೆ ಬೇಸರವಾಗಲಿಲ್ಲ. ಹಾಗೆಯೇ ಇರಬೇಕು ಅನಿಸಿತು.

ಒಂದು ಬೆಳಿಗ್ಗೆ ಅಂಗಡಿಗೆ ಇಪ್ಪತ್ತರ ಒಬ್ಬ ಹುಡುಗಿ ಬಂದಳು. ದೇವದುರ್ಗದಲ್ಲಿ ಡಿಗ್ರಿ ಓದುತ್ತಿದ್ದಾಳೆ, ಆ ಮುದುಕಿಯ ಮೊಮ್ಮಗಳು.

"ಗುಡ್ಡ ಹತ್ತೋದು ಕಲಿಸ್ತಾರಂತಲ್ರೀ, ನೀವೂ ಅಲ್ಲಿ ಹಗ್ಗ ಹಿಡೀತೀರಂತ, ನಮ್ಮ ಕಾಲೇಜಿನ ಹುಡುಗ್ಯಾರು ಹೇಳಿದ್ರು. ನಾನೂ ಬರ್ತೀನಿ ಅಂದ್ರ ಅಜ್ಜಿ ಬ್ಯಾಡ ಅಂತ ಎಂಟು ದಿನ ಜಗಳ ತೆಗೆದ್ಲು. ನಿನ್ನಿ ಹೂಂ ಅಂದ್ಲು ನೋಡ್ರಿ."

"ಏನಂದ್ಲು?"

ಹುಡುಗಿ ಹೇಳಿದಳು. "ಹಗ್ಗ ಆ ಸಾಬನ ಕೈಯಾಗೇ ಇರ್ಲಿ ಅಂದ್ಲು. ಬ್ಯಾರೇ ಯಾರ ಕೈಯಾಗೂ ಬ್ಯಾಡ ಅಂದ್ಲು."

ಅದನ್ನು ಹೇಗೆ ತೆಗೆದುಕೊಳ್ಳಬೇಕೋ ನನಗೆ ತಿಳಿಯಲಿಲ್ಲ. ಕ್ಷಮಿಸಿದ್ದೇ ಆದರೆ ಇಷ್ಟು ಭಾರದ ಕ್ಷಮೆಯನ್ನು ಯಾರಿಗೂ ಕೊಡಬಾರದು. ಟೀಚರಿಗೆ ಹೇಳಿದೆ. ಅವರು "ಹಿಡೀರಿ. ನಾ ಬಾಜೂಕ ನಿಂತಿರ್ತೀನಿ," ಅಂದರು.

ಆ ಭಾನುವಾರ ಅವಳ ಗಂಟನ್ನು ನಾನು ಮೂರು ಸಲ ನೋಡಿದೆ. ಸೊಂಟದ ಪಟ್ಟಿ ಎಳೆದು ನೋಡಿದೆ. ಬೆಳಿಗ್ಗೆಯೇ ಮೇಲೆ ಹೋಗಿ ಕ್ಯಾನ್ವಾಸಿನ ದಾರ ಮುಟ್ಟಿ ಬಂದಿದ್ದೆ.

"ಹಿಡಿದೀರೇನ್ರೀ ಕಾಕಾ?" ಅಂದಳು.

ನೋಡಿದೆ, ಮುಟ್ಟಿದೆ. "ಹಿಡಿದೀನಿ," ಅಂದೆ.

ಅವಳು ಚುರುಕಿನವಳು. ಕಾಲ ಮೇಲೆ ನಿಲ್ಲುವುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಡುವೆ ಒಂದು ಸಲ ಕಾಲು ಜಾರಿತು. ಹಗ್ಗ ಬಿಗಿಯಿತು, ಅವಳ ಭಾರ ನನ್ನ ಸೊಂಟಕ್ಕೆ ಬಂತು, ನಾನು ಒಂದು ಹೆಜ್ಜೆ ಮುಂದಕ್ಕೆ ಜರುಗಿದೆ. ಅವಳು ತೂಗಾಡುತ್ತ ನಕ್ಕಳು. ಮತ್ತೆ ಹತ್ತಿದಳು. ತುದಿಯ ಕೊಕ್ಕೆ ಮುಟ್ಟಿ, "ಮುಟ್ಟಿದೆ! ಇಳಸ್ರಿ ಕಾಕಾ!" ಅಂತ ಕೂಗಿದಳು.

ಇಳಿಸಬೇಕಾದರೆ ಹಗ್ಗವನ್ನು ಕೈಯೊಳಗಿಂದ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ನನ್ನ ಕೈ ಬಿಡಲಿಲ್ಲ. ಬಿಡು ಅಂತ ನಾನೇ ನನ್ನ ಬೆರಳುಗಳಿಗೆ ಹೇಳುತ್ತಿದ್ದೆ. ಅವು ಕೇಳಲಿಲ್ಲ. ಅವಳು ಮೇಲೆ ಹಗ್ಗದಲ್ಲಿ ಕೂತು ಎರಡು ಸಲ ಕರೆದಳು. ಆಮೇಲೆ ಅವಳ ದನಿಯಲ್ಲಿ ಸ್ವಲ್ಪ ಹೆದರಿಕೆ ಬಂತು. ಟೀಚರು ಇನ್ನೂ ಹತ್ತಿರ ಬಂದು, ನನ್ನ ಮುಷ್ಟಿಯ ಮೇಲೆ ತಮ್ಮ ಕೈ ಇಟ್ಟರು.

"ನಾ ಹಿಡಿದೀನ್ರೀ. ನೀವು ಒಂದು ಬೆರಳು ಸಡ್ಲ ಮಾಡ್ರಿ. ಇನ್ನೊಂದು. ಹಾಂ."

ನಾಲ್ಕು ಕೈಯಲ್ಲಿ ಅವಳನ್ನು ಇಳಿಸಿದೆವು. ಅವಳ ಬೂಟು ನೆಲ ಮುಟ್ಟಿದ ಮೇಲೂ ನಾನು ಹಗ್ಗ ಹಿಡಿದೇ ಇದ್ದೆ. ಅವಳು ಗಂಟು ಬಿಚ್ಚಿಕೊಂಡು ಬಂದು, ನನ್ನ ಮುಖ ನೋಡಿದಳು. ಅವಳ ಗೀಚಿದ ಮೊಣಕೈಗೆ ನರ್ಸು ಮುಲಾಮು ಹಚ್ಚಿದಳು.

ಸಂಜೆ ಅವಳನ್ನು ರಾಯಚೂರಿನ ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಬಸ್ಸು ಹತ್ತಿ ಕಿಟಕಿಯ ಹತ್ತಿರ ಕೂತವಳು ಕೇಳಿದಳು.

"ಅಜ್ಜಿಗೆ ಏನ್ ಹೇಳ್ಲಿ ಕಾಕಾ?"

"ಮ್ಯಾಲ ಹತ್ತಿ ಬಂದೆ ಅಂತ ಹೇಳವಾ."

"ನಿಮ್ಮ ಕೈ ಬಿಡ್ಲಿಲ್ಲ, ಅದನ್ನೂ ಹೇಳ್ಲೇನ್ರೀ?"

ಅಷ್ಟರಲ್ಲಿ ಬಸ್ಸು ಹೊರಟಿತು. ಅವಳು ಹೇಳಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಮುಂದಿನ ಭಾನುವಾರ ಮತ್ತೆ ಬಂದಳು.